ಎಡಚಿಯ ರೈಫಲ್ಲು

ನಮ್ಮ ಮನೆಯಲ್ಲಿ ಒಂದು ಒಂಟಿ ನಳಿಗೆಯ ಬಂದೂಕವಿದೆ. ತಾತನ ಕಾಲದ್ದು. ಲೈಸೆನ್ಸಿನಲ್ಲಿ ಕಾರಣ ಎಂದಿರುವ ಕಡೆ ‘ಬೆಳೆ ರಕ್ಷಣೆಗಾಗಿ’ ಎಂದು ಬರೆದಿದೆ. ತಾತ ರಾಗಿ ಹೊಲಕ್ಕೆ ಬರುವ ಹಂದಿ ಓಡಿಸುತ್ತಿದ್ದ. ಅಪ್ಪ ಅವರೆ ಗಿಡಕ್ಕೆ ಬರುವ ಕೋತಿ ಓಡಿಸುತ್ತಿದ್ದ. ನನ್ನ ಕಾಲಕ್ಕೆ ಹೊಲ ಹೋಗಿ ಸೈಟಾಯಿತು, ಸೈಟಿನ ಮೇಲೆ ಐದಂತಸ್ತು ಎದ್ದಿತು. ಈಗ ಲಗ್ಗೆರೆಯಲ್ಲಿ ನಾನು ಬೆಳೆಯುವುದು ಬಾಡಿಗೆ ಒಂದೇ. ಆದರೂ ಮೂರು ವರ್ಷಕ್ಕೊಮ್ಮೆ ಲೈಸೆನ್ಸು ರಿನ್ಯೂವಲ್ ಆಗುತ್ತದೆ, ಯಾವ ಬೆಳೆ ಸ್ವಾಮಿ ಎಂದು ಯಾರೂ ಕೇಳುವುದಿಲ್ಲ. ವೆಂಕಟೇಶಪ್ಪ ಎಂದರೆ ಹಳೇ ಊರಿನವನು, ಗೊತ್ತಿರುವ ಕುಳ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನಮ್ಮ ಮೂರನೇ ಮಹಡಿಯ ಮೂಲೆ ರೂಮಿನಲ್ಲಿ ಹದಿನೈದು ವರ್ಷ ಇದ್ದ ಶಿವಗಂಗಾ ಎಂಬ ಹುಡುಗಿಗೂ ಒಂದು ಬಂದೂಕ ಬೇಕಿತ್ತು. ಯಾರನ್ನೂ ಓಡಿಸುವುದಕ್ಕಲ್ಲ, ಐವತ್ತು ಮೀಟರ್ ದೂರದ ಕಾಗದದ ಮೇಲಿನ ಕಪ್ಪು ಚುಕ್ಕೆಗೆ ಹೊಡೆಯುವುದಕ್ಕೆ. ಅವಳಿಗೆ ಅದು ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂಬುದು ಪೂರ್ತಿ ಗೊತ್ತಿರುವವರು ಮೂರೇ ಜನ. ಅದರಲ್ಲಿ ನಾನೊಬ್ಬ.

ಅವಳ ಅಪ್ಪ ಮರೆಪ್ಪ ಯಾದಗಿರಿ ಕಡೆಯ ಗಾರೆ ಕೆಲಸದವನು. 2001ರಲ್ಲಿ ನಾನು ಎರಡಂತಸ್ತಿಗೆ ಪ್ಲಾನು ಪಾಸು ಮಾಡಿಸಿ ಐದಂತಸ್ತು ಕಟ್ಟಿಸಿದೆನಲ್ಲ, ಆ ಲೆಕ್ಕಕ್ಕಿಲ್ಲದ ಮೇಲಿನ ಮೂರಕ್ಕೂ ಇಟ್ಟಿಗೆ ಇಟ್ಟವನು ಅವನೇ. ಕೆಲಸ ಮುಗಿದ ಮೇಲೆ ತಾನೇ ಕಟ್ಟಿದ ರೂಮಿಗೆ ಹೆಂಡತಿ ಮಹಾದೇವಿಯನ್ನೂ ಹತ್ತು ವರ್ಷದ ಮಗಳನ್ನೂ ಕರೆತಂದು ಬಾಡಿಗೆಗೆ ಕೂತ. ಆಮೇಲೆ ಅವನಿಗೆ ದೊಡ್ಡನೆಕ್ಕುಂದಿ ಕಡೆ ಅಪಾರ್ಟ್‌ಮೆಂಟಿನ ಕೆಲಸ ಸಿಕ್ಕಿತು. ಅಲ್ಲೇ ಶೆಡ್ಡಿನಲ್ಲಿ ಮಲಗಿ ಭಾನುವಾರ ಮಾತ್ರ ಬರುತ್ತಿದ್ದ. ಮಹಾದೇವಿ ಪೀಣ್ಯದ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಮಂಡಿ ನೋವು ಬಂದ ಮೇಲೆ ಬಿಟ್ಟು ಮನೆಯಲ್ಲೇ ಜೋಳದ ರೊಟ್ಟಿ ತಟ್ಟಿ ಮಾರತೊಡಗಿದಳು.

ನಮ್ಮ ಕಟ್ಟಡದ ಬಾಡಿಗೆದಾರರಿಗೆಲ್ಲ ನಾನೊಂದು ಪಾಠ ಹೇಳಿಕೊಟ್ಟಿದ್ದೆ. ರೂಮಿನ ಕೀಲಿ ಕೊಡುವ ಮುಂಚೆ ಅದನ್ನು ಬಾಯಲ್ಲಿ ಹೇಳಿಸುತ್ತಿದ್ದೆ. ಕೈಯಲ್ಲಿ ಫೈಲು ಹಿಡಿದವನು ಯಾರೇ ಬಂದು ಯಾವ ಹೆಸರೇ ಕೇಳಲಿ, “ಅಂಥವರು ಯಾರೂ ಇಲ್ಲ, ನಾವೆಲ್ಲ ಓನರ್ ನೆಂಟರು” ಎನ್ನಬೇಕು. ಹದಿನಾಲ್ಕು ಮನೆ, ಕಾಗದದಲ್ಲಿ ಎರಡೇ. ಬಾಡಿಗೆ ಕರಾರು ಎಂದು ಒಂದು ಚೀಟಿಯನ್ನೂ ಯಾರಿಗೂ ಬರೆದುಕೊಟ್ಟವನಲ್ಲ ನಾನು. ಈ ಪಾಠದಲ್ಲಿ ಫಸ್ಟ್ ಕ್ಲಾಸು ಮಹಾದೇವಿಯೇ. ಒಮ್ಮೆ ಕಾರ್ಪೊರೇಷನ್ನಿನ ಸರ್ವೆಯವರು ಬಂದಾಗ, “ಇದು ನಮ್ಮ ಅಣ್ಣಾರ ಮನಿ ರೀ, ಹಬ್ಬಕ್ಕ ಬಂದೀವಿ” ಎಂದು ಹೇಳಿ, ಅವರಿಗೇ ಒಂದೊಂದು ರೊಟ್ಟಿ ಕೊಟ್ಟು ಕಳಿಸಿದ್ದಳು. ಆ ಗೌರಿ ಹಬ್ಬಕ್ಕೆ ನನ್ನ ಹೆಂಡತಿ ಭಾಗ್ಯಮ್ಮ ಎಲ್ಲರ ಎದುರಿಗೆ ಅವಳಿಗೊಂದು ಸೀರೆ ಉಡುಗೊರೆ ಕೊಟ್ಟಳು. ಕಲಿತರೆ ಇವಳ ಹಾಗೆ ಕಲಿಯಬೇಕು ಎಂದು ನಾನೂ ಹೊಗಳಿದೆ.

ಬಂದೂಕದ ಹುಚ್ಚು ಹುಡುಗಿಗೆ ಹತ್ತಿದ್ದು ನಮ್ಮ ಮನೆಯಲ್ಲೇ. ಆಯುಧ ಪೂಜೆ ದಿವಸ ಮಾತ್ರ ನಮ್ಮ ಬಂದೂಕ ಬೀರುವಿನಿಂದ ಹೊರಗೆ ಬರುತ್ತದೆ. ಕುಡುಗೋಲು, ಗುದ್ದಲಿ, ನೀರಿನ ಮೋಟಾರು, ನನ್ನ ಬೈಕು, ಇವುಗಳ ಮಧ್ಯೆ ಅದಕ್ಕೂ ವಿಭೂತಿ ಕುಂಕುಮ ಹಚ್ಚಿ ಚೆಂಡುಹೂ ಇಡುತ್ತೇವೆ. 2002ರ ಹಬ್ಬಕ್ಕೆ ಬಾಡಿಗೆ ಮನೆಯ ಮಕ್ಕಳೆಲ್ಲ ಪುರಿ ಬೆಲ್ಲಕ್ಕೆ ಬಂದು ನಿಂತಿದ್ದವು. ಇವಳೊಬ್ಬಳು ಮಾತ್ರ ಪುರಿ ಬಿಟ್ಟು ಬಂದೂಕ ನೋಡುತ್ತಿದ್ದಳು.

“ಮುಟ್ಲಾ ಅಂಕಲ್?”

ನಾನು ಆವತ್ತು ಖುಷಿಯಲ್ಲಿದ್ದೆ. ಎತ್ತಿ ಕೊಟ್ಟೆ. ಅದನ್ನು ಅವಳು ಎಡ ಹೆಗಲಿಗೆ ಕೊಟ್ಟು, ಬಲಗಣ್ಣು ಮುಚ್ಚಿ, ಎಡಗಣ್ಣಿನಲ್ಲಿ ಎದುರು ಮನೆಯ ನೀರಿನ ಟ್ಯಾಂಕಿಗೆ ಗುರಿ ಹಿಡಿದಳು. ಆ ಭಾರಕ್ಕೆ ದೊಡ್ಡವರ ಕೈಯೇ ನಡುಗುತ್ತದೆ, ಅವಳದು ಅಲುಗಲಿಲ್ಲ.

“ಲೇ, ಎಡಚಿ ಕಣೇ ನೀನು!” ಎಂದೆ. ಎಲ್ಲರೂ ನಕ್ಕರು. ಮಹಾದೇವಿಗೆ ನಾಚಿಕೆಯಾಯಿತು. “ಉಣ್ಣಾಗೂ ಹಂಗ ರೀ ಅಣ್ಣಾರ. ಎಷ್ಟು ಬಡದ್ರೂ ಎಡಗೈ ಬಿಡವಲ್ಲದು” ಎಂದು ಮಗಳ ಕೈಗೆ ಒಂದು ಪೆಟ್ಟು ಕೊಟ್ಟಳು. ಆವತ್ತಿನಿಂದ ನಮ್ಮ ಮನೆಯಲ್ಲಿ ಅವಳ ಹೆಸರೇ ಎಡಚಿ ಎಂದಾಯಿತು.

ಪಿಯುಸಿಗೆ ಹೋದಾಗ ಎನ್‌ಸಿಸಿ ಸೇರಿದಳು. ಕ್ಯಾಂಪಿನಲ್ಲಿ ಪಾಯಿಂಟ್ ಟೂ ಟೂ ರೈಫಲ್ ಕೈಗೆ ಕೊಟ್ಟರಂತೆ. ಚಿಕ್ಕ ಗುಂಡಿನ, ಶಬ್ದ ಕಮ್ಮಿ ಇರುವ ಬಂದೂಕ. ಹವಾಲ್ದಾರ ಬಲ ಹೆಗಲಿಗೆ ಕೊಡು ಎಂದು ಗದರಿದಾಗ ಗುಂಡುಗಳು ಎತ್ತೆತ್ತಲೋ ಹೋದವು. ಕೊನೆಗೆ ಅವನಿಗೆ ಬೇಜಾರಾಗಿ, “ಹಾಳಾಗಿ ಹೋಗು, ಹೆಂಗ್ ಬೇಕಾದ್ರೂ ಹೊಡಿ” ಎಂದ. ಎಡಗಡೆಯಿಂದ ಐದು ಗುಂಡು ಹೊಡೆದಳು. ಆ ಐದು ತೂತನ್ನೂ ಒಂದು ರೂಪಾಯಿ ನಾಣ್ಯದಲ್ಲಿ ಮುಚ್ಚಬಹುದಿತ್ತು. ಆ ಕಾಗದ ತಂದು ನನಗೆ ತೋರಿಸಿದಳು, ನಾಣ್ಯ ಇಟ್ಟೂ ತೋರಿಸಿದಳು. ಆಮೇಲೆ ಅದನ್ನು ರೂಮಿನ ಬಾಗಿಲ ಹಿಂದೆ ಅಂಟಿಸಿದ್ದಳು.

ಓದು ಅಲ್ಲಿಗೆ ನಿಂತಿತು. ಪೀಣ್ಯದ ಒಂದು ಬೋಲ್ಟು ನಟ್ಟಿನ ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್ ಕೆಲಸಕ್ಕೆ ಸೇರಿದಳು. ದಿನವೆಲ್ಲ ದೀಪದ ಕೆಳಗೆ ಬೋಲ್ಟಿನ ಮರೆ, ಅಂದರೆ ತಿರುಪಿನ ಗೆರೆ, ಸರಿಯಿದೆಯಾ ಎಂದು ನೋಡುವುದು, ಇಲ್ಲದ್ದನ್ನು ಕೆಂಪು ಡಬ್ಬಿಗೆ ಹಾಕುವುದು. ಭಾನುವಾರ ಎರಡು ಬಸ್ಸು ಬದಲಾಯಿಸಿ ರೈಫಲ್ ಕ್ಲಬ್ಬಿಗೆ ಹೋಗುತ್ತಿದ್ದಳು. ಇಪ್ಪತ್ತೊಂದು ತುಂಬುವವರೆಗೆ ಸ್ವಂತ ಹೆಸರಿಗೆ ಲೈಸೆನ್ಸು ಕೊಡುವುದಿಲ್ಲ. ಕ್ಲಬ್ಬಿನ ಬಂದೂಕವನ್ನು ಕ್ಲಬ್ಬಿನೊಳಗೆ ಹೊಡೆಯಬಹುದು, ಅಷ್ಟೇ. ಕ್ಲಬ್ಬಿನವೆಲ್ಲ ಬಲಗೈಯವರಿಗಾಗಿ ಮಾಡಿದ ರೈಫಲ್ಲುಗಳು.

2011ರ ರಾಜ್ಯ ಮಟ್ಟದ ಸ್ಪರ್ಧೆಯಲ್ಲಿ ನಾಲ್ಕು ಪಾಯಿಂಟಿಗೆ ಅವಳ ಆಯ್ಕೆ ತಪ್ಪಿತು. ಸಂಜೆ ನಮ್ಮ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಗುರಿ ತಪ್ಪಿತಾ ಎಂದು ಕೇಳಿದೆ.

“ಗುರಿ ತಪ್ಪಿಲ್ಲ ಅಂಕಲ್. ಒಂದೊಂದು ಗುಂಡು ತುಂಬಕ್ಕೂ ರೈಫಲ್ಲಿನ ಬೋಲ್ಟ್ ಹಿಡಿ ಎಳೀಬೇಕು. ಅದು ಬಲಗಡೆ ಇರತ್ತೆ. ನಾನು ಎಡಗಡೆ ಮಲಗಿದ್ರೆ ಪ್ರತಿ ಸಲ ಕೆನ್ನೆ ಎತ್ತಿ, ಮೈ ತಿರುಗಿಸಿ ಎಳೀಬೇಕು. ಮತ್ತೆ ಮೊದಲಿನ ಜಾಗಕ್ಕೆ ಬರಕ್ಕಾಗಲ್ಲ. ಅರವತ್ತು ಸಲ ಹಂಗೆ. ಎಡಗೈ ರೈಫಲ್ ಒಂದು ಇದ್ದಿದ್ರೆ...”

ಎಡಗೈಯವರ ರೈಫಲ್ಲು ಅಂಗಡಿಯಲ್ಲಿ ಸಿಗುವ ಪದಾರ್ಥವಲ್ಲ. ಹೊರದೇಶದಿಂದ ತರಿಸಬೇಕು, ಅದು ಅವಳ ಮೂರು ಜನ್ಮದ ಸಂಬಳ. ಆದರೆ ಮರುವರ್ಷ ಕ್ಲಬ್ಬಿನ ಹಿರಿಯರೊಬ್ಬರು ತಾವಾಗಿ ಕರೆದರು. ಚನ್ನವೀರಪ್ಪ ಎಂದು, ಪೀಣ್ಯದಲ್ಲೇ ಟೂಲ್ ರೂಮ್ ಫೋರ್‌ಮನ್ ಆಗಿ ರಿಟೈರಾದವರು. ಅವರೂ ಎಡಚರು. ಅವರ ಹತ್ತಿರ ಜರ್ಮನಿಯ ಹಳೇ ಪಾಯಿಂಟ್ ಟೂ ಟೂ ಇತ್ತು, ಎಡಗೈಯದು. ಈಗ ಅವರಿಗೆ ಕೈ ನಡುಕ. ಲೈಸೆನ್ಸಿನ ಅವಧಿ 2013ರ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತಿತ್ತು, ಇನ್ನು ರಿನ್ಯೂವಲ್ ಮಾಡಿಸುವುದಿಲ್ಲ ಎಂದಿದ್ದರು. ಅಷ್ಟರೊಳಗೆ ಲೈಸೆನ್ಸಿರುವ ಯಾರಿಗಾದರೂ ಮಾರಬೇಕು, ಇಲ್ಲವೇ ಡೀಲರಿಗೆ ಒಪ್ಪಿಸಬೇಕು. ಹುಡುಗಿ ಕೂಡಿಟ್ಟಿದ್ದಷ್ಟಕ್ಕೇ ಕೊಡಲು ಅವರು ಒಪ್ಪಿದರು.

“ನಿಮಗೆ ಬಂದೂಕ ಗೊತ್ತಲ್ಲ ಅಂಕಲ್, ನೋಡಕ್ಕೆ ಬನ್ನಿ” ಎಂದಳು. ನನಗೆ ಗೊತ್ತಿರುವುದು ಕುಂಕುಮ ಹಚ್ಚುವುದಷ್ಟೇ. ಆದರೂ ಜಂಬ ಬಂದು ಕಾರು ತೆಗೆದೆ.

ಚನ್ನವೀರಪ್ಪನವರು ಹಾಲಿನಲ್ಲಿ ಚಾಪೆ ಹಾಸಿ ಎರಡು ರೈಫಲ್ ಇಟ್ಟಿದ್ದರು. ಒಂದು ಅವರ ಮಗನದು, ಹೊಸದು, ಹಗುರ, ಮಿರಮಿರ ಮಿಂಚುತ್ತಿತ್ತು, ಆದರೆ ಬಲಗೈಯದು. ಇನ್ನೊಂದು ಭಾರದ್ದು, ಮರದ ಹಿಡಿ ಬೆವರಿಗೆ ಕಪ್ಪಾಗಿತ್ತು.

“ಚಪ್ಪಲಿ ತಗೊಂಡಂಗೆ ಕಣಮ್ಮ ಇದು. ಚಂದ ನೋಡ್ಬೇಡ, ಕಾಲಿಗೆ ಹತ್ತುತ್ತಾ ನೋಡು” ಎಂದರು. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಾರೀಖು ತೋರಿಸಿದರು. “ಮಲಗು. ಅದಕ್ಕೆ ಗುರಿ ಹಿಡಿ. ಈಗ ಕಣ್ಣು ಮುಚ್ಚು. ಎರಡು ಸಲ ಉಸಿರು ಬಿಟ್ಟು ಕಣ್ಣು ತೆಗಿ. ಗುರಿ ಅಲ್ಲೇ ಇದ್ರೆ ಬಂದೂಕ ನಿಂದು. ಸರಿದಿದ್ರೆ ನೀನು ಅದನ್ನ ಬಲವಂತವಾಗಿ ಹಿಡಿದಿದ್ದೀಯ ಅಂತ ಅರ್ಥ.”

ಹೊಸದರಲ್ಲಿ ಕಣ್ಣು ತೆಗೆದಾಗ ಗುರಿ ಮುಂದಿನ ವಾರಕ್ಕೆ ಹೋಗಿತ್ತು. ಹಳೆಯದನ್ನು ಹಿಡಿದು ಮಲಗಿದಳು. ಅವರು ಕೆನ್ನೆ ಆನಿಸುವ ಮರವನ್ನು ಒಂದು ಬೆರಳು ತಗ್ಗಿಸಿದರು, ಹಿಂಭಾಗವನ್ನು ಸ್ವಲ್ಪ ಒಳಕ್ಕೆ ತಳ್ಳಿದರು. ಕಣ್ಣು ಮುಚ್ಚಿದಳು, ತೆಗೆದಳು. “ಅಲ್ಲೇ ಇದೆ ಸಾರ್” ಎಂದಳು. ಎಡಗೈಯಿಂದ ಬೋಲ್ಟು ಎಳೆದಳು. ಕೆನ್ನೆ ಎತ್ತಬೇಕಾಗಲಿಲ್ಲ. ಇನ್ನೊಂದು ಸಲ ಎಳೆದಳು, ಮತ್ತೊಂದು ಸಲ ಎಳೆದಳು, ಮಲಗಿದಲ್ಲೇ ನಗುವುದಕ್ಕೆ ಶುರು ಮಾಡಿದಳು. ಹನ್ನೊಂದು ವರ್ಷದಲ್ಲಿ ಆ ಹುಡುಗಿ ಅಷ್ಟು ಬಾಯಿ ತುಂಬ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

“ಹೋಗಿ ಲೈಸೆನ್ಸ್ ತಗೊಂಡ್ ಬಾ. ಮಾರ್ಚ್ ಮೂವತ್ತೊಂದರ ತನಕ ಇದು ನಿಂದೇ” ಎಂದರು ಚನ್ನವೀರಪ್ಪ.

2012ರ ಆಗಸ್ಟಿನಲ್ಲಿ ಇಪ್ಪತ್ತೊಂದು ತುಂಬಿದ ವಾರವೇ ಅರ್ಜಿ ಹಾಕಲು ಹೊರಟಳು. ಕ್ಲಬ್ಬಿನ ಶಿಫಾರಸು ಇತ್ತು, ಡಾಕ್ಟರ ಸರ್ಟಿಫಿಕೇಟು ಇತ್ತು, ಸ್ಪರ್ಧೆಯ ಕಾಗದಗಳಿದ್ದವು. ಇಲ್ಲದ್ದು ಮನೆ ವಿಳಾಸದ ಪುರಾವೆ. ರೇಷನ್ ಕಾರ್ಡು, ವೋಟರ್ ಕಾರ್ಡು ಎಲ್ಲ ಯಾದಗಿರಿಯ ಹಳ್ಳಿಯವು. ನನ್ನ ಹತ್ತಿರ ಬಂದು ಬಾಡಿಗೆ ಕರಾರು ಕೇಳಿದಳು.

“ಬರ್ಕೊಡನ ಬಿಡು” ಎಂದೆ. ಎರಡು ಸಲ ಕೇಳಿದಳು, ಎರಡು ಸಲವೂ ಅದನ್ನೇ ಅಂದೆ. ಭಾಗ್ಯಮ್ಮ ಒಳಗೆ ಕರೆದು, “ನಿಮ್ಗೇನ್ ತಲೆ ಕೆಟ್ಟೈತಾ? ನಾಳೆ ಬಾಡಿಗೆ ಕೇಳಕ್ಕೋದ್ರೆ ಬಂದೂಕ ಇಡ್ಕೊಂಡು ಬಾಗ್ಲು ತೆಗೀತಾಳೆ” ಎಂದಳು. ನಾನು ನಕ್ಕೆ. ನಕ್ಕರೂ ಕರಾರು ಬರೆಯಲಿಲ್ಲ. ಅವಳು ಬ್ಯಾಂಕಿನ ಪಾಸ್‌ಬುಕ್ಕು ಇಟ್ಟು ಅರ್ಜಿ ಕೊಟ್ಟಳು. ಅಲ್ಲಿ, ನಿಮ್ಮ ಠಾಣೆಯವರು ಮನೆಗೆ ಬಂದು ವಿಚಾರಿಸುತ್ತಾರೆ, ಇದ್ದೀರಿ ಅಂತ ಅವರು ಬರೆದರೆ ಸಾಕು ಎಂದರಂತೆ.

ಅವಳು ಅವ್ವನಿಗೆ ಹತ್ತು ಸಲ ಹೇಳಿದ್ದಳು. “ಪೊಲೀಸ್ರು ಬರ್ತಾರ ಅವ್ವ. ಅಂಜಬ್ಯಾಡ. ಹೌದ್ರಿ, ನನ್ನ ಮಗಳೇ ರೀ, ಇಲ್ಲೇ ಇರ್ತೀವಿ ಅನ್ನು. ಅಷ್ಟ ಸಾಕು.” ಮಹಾದೇವಿ ಪೊಲೀಸರಿಗೆ ಕೊಡಲು ಒಂದು ಬಿಸ್ಕತ್ತಿನ ಪೊಟ್ಟಣ ತಂದು ಡಬ್ಬಿಯಲ್ಲಿ ಇಟ್ಟಳು. ಅವಳ ಮನಸ್ಸಿನಲ್ಲಿ ಪೊಲೀಸ್ ಎಂದರೆ ಖಾಕಿ, ಟೋಪಿ, ಜೀಪು, ಲಾಠಿ. ಮೆಟ್ಟಿಲಲ್ಲಿ ಬೂಟಿನ ಸದ್ದು ಕೇಳಿದಾಗಲೆಲ್ಲ ಇಣುಕುತ್ತಿದ್ದಳು.

ನವೆಂಬರಿನಲ್ಲಿ ನಮ್ಮ ಬೀದಿಯಲ್ಲೇ ಒಂದು ಕಟ್ಟಡದ ಪ್ಲಾನಿನಲ್ಲಿಲ್ಲದ ಮೇಲಿನ ಎರಡು ಮಹಡಿಗೆ ಕಾರ್ಪೊರೇಷನ್ನಿನವರು ಸುತ್ತಿಗೆ ಹಾಕಿ ಹೋಗಿದ್ದರು. ಗೋಡೆಯಿಲ್ಲದ ರೂಮುಗಳು ಬೀದಿಗೆ ಕಾಣುತ್ತಿದ್ದವು, ಒಂದರಲ್ಲಿ ದೇವರ ಫೋಟೋ ಹಾಗೇ ನೇತಾಡುತ್ತಿತ್ತು. ಓನರುಗಳಿಗೆಲ್ಲ ಜ್ವರ ಬಂದ ಹಾಗಿತ್ತು. ನಾನು ಐದು ಮಹಡಿ ಹತ್ತಿ ಇಳಿದು ಹದಿನಾಲ್ಕು ಮನೆಯವರಿಂದಲೂ ಪಾಠ ಇನ್ನೊಂದು ಸಲ ಹೇಳಿಸಿದ್ದೆ. ಮಹಾದೇವಿಯಿಂದಲೂ ಹೇಳಿಸಿದ್ದೆ.

ಅದಾದ ನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬ ಮನುಷ್ಯ ಮೊಪೆಡ್ಡಿನಲ್ಲಿ ಬಂದ. ಸ್ವೆಟರು, ಸಾದಾ ಪ್ಯಾಂಟು, ಕಾಲಲ್ಲಿ ಚಪ್ಪಲಿ, ಕಂಕುಳಲ್ಲಿ ಫೈಲು. ಠಾಣೆಯ ಗಂಗಪ್ಪ, ಕಾನ್‌ಸ್ಟೇಬಲ್, ಒಳ್ಳೇ ಮನುಷ್ಯ. ನೇರ ಮೂರನೇ ಮಹಡಿಗೆ ಹತ್ತಿದ. ಮಹಾದೇವಿ ಬಾಗಿಲಲ್ಲಿ ಕೂತು ಹಿಟ್ಟು ನಾದುತ್ತಿದ್ದಳು.

“ಶಿವಗಂಗಾ ಅನ್ನೋರು ಇರೋದು ಇಲ್ಲೇನಮ್ಮಾ?”

ಫೈಲು ನೋಡಿದಳು, ಚಪ್ಪಲಿ ನೋಡಿದಳು. ಹನ್ನೊಂದು ವರ್ಷದ ಪಾಠ ಬಾಯಿಗೆ ತಾನಾಗಿ ಬಂತು.

“ಇಲ್ರಿ ಸಾಹೇಬ್ರ. ಆ ಹೆಸರಿನೋರು ಯಾರೂ ಇಲ್ರಿ. ನಾವು ಓನರ್ ನೆಂಟ್ರು ರೀ.”

“ಸರಿಯಾಗಿ ನೋಡಿ ಹೇಳಮ್ಮ.”

“ಯಾರೂ ಇಲ್ರಿ” ಎಂದು ಗಟ್ಟಿಯಾಗಿ ಹೇಳಿದಳು. ಆಮೇಲೆ ರೊಟ್ಟಿ ಕೊಡಲು ಹೋದಳು. ಗಂಗಪ್ಪ ಬೇಡ ಎಂದು ಇಳಿದು ಬಂದ.

ಆ ಹೊತ್ತಿನಲ್ಲಿ ನಾನು ಕೆಳಗಡೆಯೇ ಇದ್ದೆ. ಅದನ್ನು ಆಮೇಲೆ ಹೇಳುತ್ತೇನೆ.

ಜನವರಿಯಲ್ಲಿ ಪತ್ರ ಬಂತು, ಟಪಾಲಿಗೆಂದು ಅವಳು ಕೊಟ್ಟಿದ್ದ ಫ್ಯಾಕ್ಟರಿ ವಿಳಾಸಕ್ಕೆ. ಅರ್ಜಿದಾರರು ಸದರಿ ವಿಳಾಸದಲ್ಲಿ ವಾಸವಿಲ್ಲ ಎಂದು ವರದಿ ಬಂದಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಅವಳು ಅದನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿದ್ದನ್ನು ನೋಡಿದೆ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಮಹಾದೇವಿ ಕೂಗಿದ್ದು ಕೇಳಿಸಿತು. ಸಾವಿನ ಮನೆಯಲ್ಲಿ ಕೂಗುವ ಹಾಗೆ ಕೂಗಿದಳು. “ಅಂವ ಪೊಲೀಸೇನ? ಚಪ್ಪಲಿ ಹಾಕ್ಕೊಂಡಿದ್ನಲ್ಲೇ! ಕಾರ್ಪೊರೇಷನ್ನೋನು ಅಂತ ತಿಳದ್ನೆವ್ವಾ...” ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳುತ್ತಿದ್ದಳಂತೆ. ಪಕ್ಕದ ರೂಮಿನವರು ಹಿಡಿದುಕೊಂಡರಂತೆ. ಬಿಸ್ಕತ್ತಿನ ಪೊಟ್ಟಣ ಡಬ್ಬಿಯಲ್ಲಿ ಹಾಗೇ ಇತ್ತು.

ಎರಡು ದಿನ ಕಳೆದು ಶಿವಗಂಗಾ ನನ್ನ ಹತ್ತಿರ ಬಂದಳು. ಇನ್ನೂ ಎರಡೂವರೆ ತಿಂಗಳಿದೆ ಎಂದಳು. “ಅಂಕಲ್, ನೀವು ಠಾಣೆಗೆ ಬಂದು ಒಂದ್ಮಾತು ಹೇಳಿದ್ರೆ ಮತ್ತೆ ವರದಿ ಬರೀತಾರಂತೆ. ಅಥವಾ ಆ ಕರಾರು ಬರ್ಕೊಡಿ. ಅಷ್ಟು ಮಾಡಿ ಸಾಕು.”

ನಾನು ಕುರ್ಚಿಯಿಂದ ಏಳಲಿಲ್ಲ. “ನಿಮ್ಮವ್ವನೇ ಇಲ್ಲ ಅಂದವ್ಳಲ್ಲಮ್ಮ. ಎತ್ತ ತಾಯೇ ಅಂಗ್ ಯೋಳಿದ್ಮೇಲೆ ನಾನೋಗಿ ಏನ್ ಯೋಳ್ಲಿ? ಸರ್ಕಾರದ ಕಾಗ್ದ, ಒಂದ್ಸಲ ಬರೆದ್ಮೇಲೆ ಮುಗೀತು” ಎಂದೆ. ಅವಳು ತಲೆ ತಗ್ಗಿಸಿ ಹೋದಳು. ಅಂದಿನಿಂದ ಒಂದು ತಿಂಗಳು ಅವ್ವನ ಜತೆ ಮಾತಾಡಲಿಲ್ಲವಂತೆ. ಭಾನುವಾರ ಬಂದ ಮರೆಪ್ಪ ಇಬ್ಬರ ನಡುವೆ ಕೂತು ಬೀಡಿ ಸೇದಿ ಸೋಮವಾರ ಸೈಟಿಗೆ ಹೋಗುತ್ತಿದ್ದ.

ಈಗ ಆವತ್ತಿನ ಮಾತಿಗೆ ಬರುತ್ತೇನೆ. ಮಹಾದೇವಿಗೆ ಗಂಗಪ್ಪ ಯಾರೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮೂರು ವರ್ಷಕ್ಕೊಮ್ಮೆ ನಮ್ಮ ಬಂದೂಕದ ರಿನ್ಯೂವಲ್ಲಿಗೆ ಬರುತ್ತಿದ್ದವನು ಅವನೇ. ಮೇಲಿನಿಂದ ಇಳಿದವನು ನಮ್ಮ ಹಜಾರದಲ್ಲಿ ಕೂತು, ಕಾಫಿ ಕುಡಿದು, ಎರಡು ಕಾಗದ ತೆಗೆದ.

“ಇದು ನಿಮ್ಮ ರಿನ್ಯೂವಲ್ಲು. ಇನ್ನೊಂದು, ನಿಮ್ಮ ಬಿಲ್ಡಿಂಗಿಂದೇ ಒಂದು ಹೊಸ ಅರ್ಜಿ ಐತೆ. ಯಾರೋ ಹುಡುಗಿ. ಮೇಲ್ಗಡೆ ಒಬ್ಬಾಕೆ ಅಂಥೋರಿಲ್ಲ ಅಂದ್ಳು. ನೀವು ಓನರ್ರು, ನಿಮ್ಮ ಮಾತೇ ಮುಖ್ಯ. ಇದಾಳಾ?”

“ಇದಾಳೆ” ಎಂದಿದ್ದರೆ ಮುಗಿಯುತ್ತಿತ್ತು. ಮೂರು ಅಕ್ಷರ. ಆದರೆ ಅವನು ‘ಮೂರನೇ ಮಹಡಿ, ಬಾಡಿಗೆದಾರರು’ ಎಂದು ಬರೆಯುತ್ತಾನಲ್ಲ ಎಂದು ಹೆದರಿದೆ. ಆ ಗೋಡೆಯಿಲ್ಲದ ರೂಮು, ನೇತಾಡುವ ಫೋಟೋ ಕಣ್ಣಿಗೆ ಬಂತು. ಅಷ್ಟೇ ಆಗಿದ್ದರೆ ಹೆದರಿಕೆ ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಅದರ ಕೆಳಗೆ ಇನ್ನೊಂದು ಸಣ್ಣತನವಿತ್ತು. ಈ ಬೀದಿಯಲ್ಲಿ ಬಂದೂಕವಿರುವ ಮನೆ ಎಂದರೆ ನಮ್ಮದೊಂದೇ. ನನ್ನ ಬಾಡಿಗೆ ರೂಮಿನಲ್ಲಿ, ಗಾರೆಯವನ ಮಗಳ ಹೆಸರಿನಲ್ಲಿ, ನಮ್ಮದಕ್ಕಿಂತ ಒಳ್ಳೇ ಬಂದೂಕ ಬರುತ್ತದೆ ಎಂಬುದು ನನಗೆ ಹಿಡಿಸಿರಲಿಲ್ಲ. ಆ ರೈಫಲ್ ನೋಡಿ ಬಂದ ದಿವಸದಿಂದಲೂ ಹಿಡಿಸಿರಲಿಲ್ಲ.

“ಇಲ್ಲ ಕಣಣ್ಣ. ಬಾಡ್ಗೆಗೆ ಯಾರೂ ಇಲ್ಲ. ಮೇಲಿರೋರು ನಮ್ಮ ನೆಂಟ್ರು” ಎಂದೆ.

ಗಂಗಪ್ಪ ಬಾಗಿಲಿಂದ ಮೇಲೆ ನೋಡಿದ. ಐದು ಮಹಡಿಯ ತುಂಬ ಬಟ್ಟೆ ಒಣಗುತ್ತಿದ್ದವು. “ಭಾರೀ ನೆಂಟ್ರು ನಿಮಗೆ” ಎಂದು ನಕ್ಕ, ನಾನು ಹೇಳಿದ್ದನ್ನು ಬರೆದುಕೊಂಡ. ಎರಡೂ ಕಾಗದಕ್ಕೆ ಸಹಿ ಹಾಕಿದೆ. ಒಂದರಲ್ಲಿ ನಮ್ಮ ಬೆಳೆಗೆ ರಕ್ಷಣೆ ಬೇಕು ಎಂದಿತ್ತು. ಇನ್ನೊಂದರಲ್ಲಿ ಶಿವಗಂಗಾ ಎಂಬುವವರು ಇಲ್ಲಿ ಇಲ್ಲ ಎಂದಿತ್ತು. ಎರಡೂ ಸುಳ್ಳು, ಪೆನ್ನು ಒಂದೇ.

ಮಹಾದೇವಿ ಬಾಯಿ ಬಡಿದುಕೊಂಡು ಅತ್ತಾಗ ಮೇಲೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲರೂ ಅವಳ ತಪ್ಪು ಎನ್ನುತ್ತಿದ್ದಾಗ ನಾನೂ ಅವಳ ತಪ್ಪು ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟಾದರೂ ನಾಚಿಕೆ ಬೇಕು ಮನುಷ್ಯನಿಗೆ. ನನ್ನ ಕೈ ಹೆಗಲಿಗೆ ಹೋಗಲಿಲ್ಲ.

ಹುಡುಗಿ ಇನ್ನೊಂದು ಅರ್ಜಿ ಹಾಕಿದಳು. ಚುನಾವಣೆ ಹತ್ತಿರ ಬಂದಿತ್ತು, ಇದ್ದವರೇ ಬಂದೂಕ ತಂದು ಠಾಣೆಯಲ್ಲಿ ಒಪ್ಪಿಸುವ ಕಾಲ, ಹೊಸ ಲೈಸೆನ್ಸಿನ ಮಾತು ಯಾರೂ ಎತ್ತಲಿಲ್ಲ. ಮಾರ್ಚ್ ಮೂವತ್ತೊಂದು ಭಾನುವಾರ. ಅದರ ಹಿಂದಿನ ದಿನ ಚನ್ನವೀರಪ್ಪನವರು ರೈಫಲ್ಲನ್ನು ಡೀಲರಿಗೆ ಒಪ್ಪಿಸಿದರು. ಒಪ್ಪಿಸುವ ಮುಂಚೆ ಅವಳನ್ನು ಕರೆಸಿ, ಬೇಕಾದರೆ ಒಂದು ಸಲ ಹಿಡಿ ಎಂದರಂತೆ. ಅವಳು ಮುಟ್ಟಲಿಲ್ಲವಂತೆ. ಕೆನ್ನೆ ಮರ ಒಂದು ಬೆರಳು ತಗ್ಗಿಸಿದ್ದು ಹಾಗೇ ಇತ್ತಂತೆ. ಆಮೇಲೆ ಅದನ್ನು ಮಂಗಳೂರಿನ ಕಡೆಯ ಯಾರೋ ಕೊಂಡರು ಎಂದು ಕೇಳಿದೆ.

ಅವಳು ಕ್ಲಬ್ಬಿಗೆ ಹೋಗುವುದನ್ನು ಒಂದೇ ಸಲ ಬಿಡಲಿಲ್ಲ. ವಾರ ಬಿಟ್ಟು ವಾರ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಭಾನುವಾರವೂ ಓವರ್‌ಟೈಮಿಗೆ ಹೋಗತೊಡಗಿದಳು. ಬಾಗಿಲ ಹಿಂದಿನ ಕಾಗದ ಹಳದಿಯಾಗಿ ಅಂಚು ಬಿಟ್ಟುಕೊಂಡಿತು. ಇನ್‌ಸ್ಪೆಕ್ಷನ್ನಿನಲ್ಲಿ ಅವಳ ಕಣ್ಣು ತಪ್ಪಿಸಿ ಕೆಟ್ಟ ಬೋಲ್ಟು ಹೋಗುವುದಿಲ್ಲ ಎಂದು ಫ್ಯಾಕ್ಟರಿಯಲ್ಲಿ ಹೆಸರಾಯಿತು. ಆಯುಧ ಪೂಜೆ ದಿವಸ ನಾವು ಕರೆದರೂ ಕೆಳಗೆ ಇಳಿಯುತ್ತಿರಲಿಲ್ಲ. ಮಹಾದೇವಿ ಬಂದು ಪುರಿ ತೆಗೆದುಕೊಂಡು, ಬಂದೂಕದ ಕಡೆ ನೋಡದೆ ಹೋಗುತ್ತಿದ್ದಳು. ಗಟ್ಟಿಯಾಗಿ ಮಾತಾಡುತ್ತಿದ್ದ ಹೆಂಗಸು ಅವಳು. ಆಮೇಲೆ ಬಾಗಿಲಿಗೆ ಯಾರು ಬಂದು ಏನು ಕೇಳಿದರೂ, “ನನ್ನ ಕೇಳಬ್ಯಾಡ್ರಿ, ನನಗ ತಿಳಿಯಂಗಿಲ್ಲ” ಎನ್ನುತ್ತಿದ್ದಳು. ರೊಟ್ಟಿಯ ಲೆಕ್ಕ ಕೇಳಿದರೂ ಅದೇ ಉತ್ತರ.

2016ರಲ್ಲಿ ಶಿವಗಂಗಾಗೆ ಜಿಗಣಿಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಕೆಲಸ ಸಿಕ್ಕಿತು. ಮನೆ ಖಾಲಿ ಮಾಡುವ ದಿವಸ ಸಾಮಾನಿನ ಗಾಡಿ ಬಂದು ನಿಂತಿತ್ತು, ಮರೆಪ್ಪ ಮಂಚ ಕಟ್ಟುತ್ತಿದ್ದ. ಅವಳು ಒಬ್ಬಳೇ ಒಳಗೆ ಬಂದು ನನ್ನ ಮುಂದೆ ಒಂದು ಲಕೋಟೆ ಇಟ್ಟಳು.

“ಇದು ನಿಮ್ಮ ಹತ್ರ ಇರ್ಲಿ ಅಂಕಲ್. ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿ ತಗೊಂಡಿದ್ದೆ. 2013ರ ಮೇ ತಿಂಗಳಲ್ಲೇ ಬಂತು.”

ಠಾಣೆಯ ವರದಿಯ ನಕಲು. ಮೊದಲ ಎರಡು ಸಾಲು, ಮಹಡಿಯಲ್ಲಿದ್ದ ಹೆಸರು ತಿಳಿಯದ ಮಹಿಳೆಯ ಹೇಳಿಕೆ. ಅದರ ಕೆಳಗೆ ಐದು ಸಾಲು ನನ್ನ ಹೇಳಿಕೆ. ಅದರ ಕೆಳಗೆ ನನ್ನ ಸಹಿ, ವೆಂಕಟೇಶಪ್ಪ ಎಂದು ಪೂರ್ತಿ, ಉದ್ದ ಗೆರೆ ಎಳೆದು.

“ಮೂರು ವರ್ಷದಿಂದ ಗೊತ್ತಿತ್ತಾ ನಿಂಗೆ? ಒಂದಿನಾನೂ ಕೇಳ್ನಿಲ್ವಲ್ಲಮ್ಮ?”

“ಕೇಳಿದ್ರೆ ಮನೆ ಬಿಡ್ಬೇಕಾಗ್ತಿತ್ತು. ಅಪ್ಪ ಕಟ್ಟಿದ ರೂಮು ಅಂತ ಅವ್ವಂಗೆ ಆಸೆ.” ಸಹಿಯ ಮೇಲೆ ಬೆರಳಿಟ್ಟು ಹೇಳಿದಳು. “ಅವ್ವಂಗೆ ಅವತ್ತೇ ಓದಿ ಹೇಳ್ದೆ ಅಂಕಲ್. ನಿಂದಲ್ಲ ತಪ್ಪು, ಓನರೇ ಬರೆದು ಕೊಟ್ಟಿದಾರೆ, ನೋಡು ಅಂತ ಸಹಿ ತೋರಿಸ್ದೆ. ನಂಬ್ಲಿಲ್ಲ. ಅಣ್ಣಾರು ಹಂಗ ಮಾಡೋರಲ್ಲ, ನನ್ನ ಉಳಿಸಾಕ ಅವರ ಮ್ಯಾಲ ಹಾಕ್ತೀಯೇನ ಅಂತ ನನಗೇ ಬೈದ್ಲು. ನೀವು ಹೇಳಿದ್ರೆ ನಂಬ್ತಾಳೆ.”

ಅಷ್ಟರಲ್ಲಿ ಮಹಾದೇವಿ ಬಂದಳು. ರೂಮು ತೊಳೆದು, ಸೀರೆಯ ಅಂಚು ನೆನೆದಿತ್ತು. ಕೀಲಿಯನ್ನೂ ಬಟ್ಟೆಯಲ್ಲಿ ಸುತ್ತಿದ ಹತ್ತು ರೊಟ್ಟಿಯನ್ನೂ ಮೇಜಿನ ಮೇಲೆ ಇಟ್ಟಳು. ನಾನು ಆ ಕಾಗದವನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಶಿವಗಂಗಾ ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು, ಹೇಳಲಿ ಎಂದು ಕಾಯುತ್ತಿದ್ದಳು.

“ಹದಿನೈದು ವರ್ಷ ನೆರಳು ಕೊಟ್ರಿ ಅಣ್ಣಾರ” ಎಂದಳು ಮಹಾದೇವಿ. “ನೀವು ಕಲಿಸಿದ್ದು ಒಂದು, ನಾ ಹೇಳಬಾರದ ಹೊತ್ತಿನ್ಯಾಗ ಹೇಳಿದ್ದು ಒಂದು. ನನ್ನ ಬಾಯಿಂದ ಮಗಳ ಬಾಳು ಹಾಳಾತು. ನಿಮಗೂ ಕೆಟ್ಟ ಹೆಸರು ತರೂ ಹಂಗಾತು. ಹೊಟ್ಟ್ಯಾಗ ಹಾಕ್ಕೋರಿ.”

ಜೇಬಿನಲ್ಲಿ ಕಾಗದ ಇತ್ತು. ಹೇಳಲು ಬಾಯಿ ತೆರೆದೆ.

“ಓಗ್ಲಿ ಬಿಡಮ್ಮ, ಆಗಿದ್ದಾಯ್ತು” ಎಂದೆ.

ಮಹಾದೇವಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನಗೆ ಕೈ ಮುಗಿದಳು.